ಉಂಗುರಬೆರಳಿನ ಪರವಾಗಿ

ಉಂಗುರಬೆರಳಿಗೆ ‘ಶಕ್ತಿ ತುಂಬುವ’ ಕಸರತ್ತು ಮತ್ತೆ ಮೃದಂಗದ ಪಾಠಗಳಲ್ಲಿ ತಲೆಯೆತ್ತಿದೆ. ಉಳಿದ ಬೆರಳುಗಳನ್ನು ಮೇಜಿಗೆ ಒತ್ತಿ, ಉಂಗುರಬೆರಳೊಂದನ್ನೇ ಮತ್ತೆ ಮತ್ತೆ ಎತ್ತುವುದು. ಎಳೆಯ ಮಕ್ಕಳಿಗೂ ಇದನ್ನು ಮಾಡಿಸುತ್ತಾರೆ. ಹಿಂದೆಯೂ ವಿರೋಧಿಸಿದ್ದೆ, ಈಗಲೂ ವಿರೋಧಿಸುತ್ತೇನೆ.

ಬೆರಳೆತ್ತುವ ಮುಖ್ಯ ಸ್ನಾಯು ಇರುವುದು ಮುಂಗೈಯಲ್ಲಿ. ಮೊಣಕೈಯ ಹೊರಗಂಟಿನಿಂದ ಹೊರಟು, ನಾಲ್ಕು ಸ್ನಾಯುರಜ್ಜುಗಳಾಗಿ ಒಡೆದು, ಮಣಿಕಟ್ಟಿನ ಅಡ್ಡಪಟ್ಟಿಯ ಕೆಳಗೆ ನುಸುಳಿ ನಾಲ್ಕು ಬೆರಳುಗಳಿಗೆ ಹಂಚಿಹೋಗುತ್ತದೆ. ತೋರುಬೆರಳಿಗೂ ಕಿರುಬೆರಳಿಗೂ ಇದಲ್ಲದೆ ಸ್ವಂತದ್ದೊಂದು ಸ್ನಾಯು ಉಂಟು. ನಡುಬೆರಳಿಗೂ ಉಂಗುರಬೆರಳಿಗೂ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಸಾಲದ್ದಕ್ಕೆ, ಹಸ್ತದ ಹಿಂಬದಿಯಲ್ಲಿ ಉಂಗುರಬೆರಳಿನ ರಜ್ಜುವನ್ನು ಅಕ್ಕಪಕ್ಕದ ರಜ್ಜುಗಳಿಗೆ ಓರೆಯಾದ ಕಿರುಪಟ್ಟಿಗಳು ಕಟ್ಟಿಹಾಕಿವೆ. ತೋರುಬೆರಳಿನ ಕಡೆ ಆ ಪಟ್ಟಿ ತೆಳು ಪೊರೆಯಷ್ಟೆ, ಕೆಲವರಲ್ಲಿ ಅದೂ ಇಲ್ಲ. ನಡುಬೆರಳನ್ನು ಅಂಗೈಯೊಳಗೆ ಮಡಿಸಿ, ಕೈಯನ್ನು ಮೇಜಿನ ಮೇಲೆ ಬೋರಲಿಟ್ಟು ಉಂಗುರಬೆರಳನ್ನು ಎತ್ತಲು ನೋಡಿ. ಮಡಿಸಿದ ಬೆರಳು ಪಟ್ಟಿಯನ್ನು ಜಗ್ಗಿ ಹಿಡಿದಿರುವುದರಿಂದ ಅದು ಏಳುವುದು ಬಲು ಕಷ್ಟ. ಸಾಧನೆ ಸಾಲದೆಂದು ಮಗುವನ್ನು ಗದರುವುದು ಯಾವ ನ್ಯಾಯ?

ಪಿಯಾನೊದವರು ಇದೇ ಹಟಕ್ಕೆ ಬಿದ್ದು ಚಾಕುವಿನವರೆಗೂ ಹೋದರು. 1880ರ ದಶಕದಲ್ಲಿ ಫಿಲಡೆಲ್ಫಿಯದ ಶಸ್ತ್ರವೈದ್ಯ ವಿಲಿಯಂ ಫೋರ್ಬ್ಸ್, ಸಂಗೀತಗಾರರ ಉಂಗುರಬೆರಳನ್ನು ಬಿಡಿಸಲು ಈ ಪಟ್ಟಿಗಳನ್ನೇ ಕತ್ತರಿಸಿದರು.

ಮೃದಂಗ ಆ ಬೆರಳಿನಿಂದ ಕೇಳುವುದೇ ಬೇರೆ. ‘ನಂ’ ಎಂಬ ಹೊಡೆತವನ್ನು ನುಡಿಸುವಾಗ ಸ್ವತಂತ್ರವಾಗಿ ಏಳಬಲ್ಲ ತೋರುಬೆರಳು ಅಂಚಿನ ಚರ್ಮದುಂಗುರವಾದ ಮೀಟಿನ ಮೇಲೆ ಬೀಳುತ್ತದೆ. ಉಂಗುರಬೆರಳು ನಡುವಿನ ಕಪ್ಪು ಲೇಪವಾದ ಕರಣೆಯ ಅಂಚನ್ನು ಹಗುರವಾಗಿ ಮುಟ್ಟಿಕೊಂಡಿರುತ್ತದೆ, ಅಷ್ಟೆ. ಆ ಸ್ಪರ್ಶ ಬಲಮುಖದ ಚರ್ಮದ ಹೊದಿಕೆಯಾದ ಮುಚ್ಚಳಿಗೆಯ ಮೂಲನಾದವನ್ನು ಅಡಗಿಸಿ ಮೇಲಿನ ನಾದವನ್ನು ಎಬ್ಬಿಸುತ್ತದೆ. ಸಿ. ವಿ. ರಾಮನ್ 1920ರಲ್ಲೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲೂ ಮೃದಂಗದಂಥ ವಾದ್ಯಗಳ ಬಗ್ಗೆ ಬರೆದರು. ಕರಣೆಯ ಭಾರದಿಂದ ಚರ್ಮದ ಕಂಪನಗಳು ಐದು ಸ್ವರಾಂಶಗಳಾಗಿ ಹೊಂದಿಕೊಳ್ಳುವುದನ್ನೂ, ಬೆರಳಿಟ್ಟ ಜಾಗ ಅವುಗಳಲ್ಲಿ ಬೇಕಾದುದನ್ನು ಆರಿಸುವುದನ್ನೂ ತೋರಿಸಿಕೊಟ್ಟರು. ಮೃದಂಗ ಕಲಿಸುವವರೆಲ್ಲ ಆ 1934ರ ಬರಹವನ್ನು ಓದಬೇಕು.

ಹಾಗಾಗಿ ‘ನಂ’ ಮಂಕಾದರೆ ಬೆರಳನ್ನು ಬಲಪಡಿಸಲು ಹೋಗಬೇಡಿ. ಬಹಳ ಸಲ ಅದು ಚರ್ಮವನ್ನು ಅದುಮುತ್ತಿರುತ್ತದೆ, ಇಲ್ಲವೇ ಅಂಚಿನಿಂದ ಜಾರಿರುತ್ತದೆ. ಒಂದನೇ ಕಾಲದಲ್ಲಿ, ಎಂದರೆ ನಿಧಾನಗತಿಯಲ್ಲಿ, ಬರೀ ‘ನಂ’ ನುಡಿಸಿ, ಉಂಗುರಬೆರಳಿನ ಭಾರವನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತ ಕಿವಿಗೊಡಿ. ಮೊಣಕೈಯ ಹೊರಬದಿ ನೋಯತೊಡಗಿದರೆ ಅವತ್ತಿನ ಸಾಧನೆ ಅಲ್ಲಿಗೇ ಸಾಕು.