ಬೆಕ್ಕು ಹೋದಲ್ಲಿ ಕ್ಯಾಮರಾ ಯಾಕೆ ಹೋಗಲಿಲ್ಲ?

ಹಳ್ಳಿಯ ಫೋಟೊಗಳೆಂದು ನಮ್ಮ ಮುಂದೆ ಬರುವ ಚಿತ್ರಗಳಲ್ಲಿ ಹಳ್ಳಿ ಯಾವಾಗಲೂ ಒಂದೇ. ಇಳಿಬಿಸಿಲು. ಕಟ್ಟಿಗೆ ಕಂಬದ ಪಡಸಾಲೆ. ಕಂಬಕ್ಕೆ ಒರಗಿ ಕೂತ ಮುದುಕ, ಮುಖದ ತುಂಬ ಸುಕ್ಕು. ಹೊಸ್ತಿಲ ಮೇಲೆ ಒಂದು ಬೆಕ್ಕು. ಊರು ಕುಂದಗೋಳ ಕಡೆಯದಿರಲಿ, ಕಲಘಟಗಿ ಕಡೆಯದಿರಲಿ, ಕ್ಯಾಲೆಂಡರಿನೊಳಗೂ ಇದೇ, ಸ್ಪರ್ಧೆಯೊಳಗೂ ಇದೇ, ಈಗ ಮೊಬೈಲಿನೊಳಗೂ ಇದೇ. ಕೆಳಗೆ ಬರೆದಿರುತ್ತಾರೆ: 'ನಮ್ಮ ಹಳ್ಳಿಯ ಸರಳ ಬದುಕು'.

ಈ 'ನಮ್ಮ' ಅಂದರೆ ಯಾರು? ವಿಮರ್ಶೆ ಇಲ್ಲಿಂದಲೇ ಸುರು ಆಗಬೇಕು.

ನನ್ನ ತಕರಾರು ಬೆಕ್ಕಿನ ಮೇಲಲ್ಲ. ದಿನದ ಬದುಕು ಫೋಟೊಕ್ಕೆ ಯೋಗ್ಯವಲ್ಲ ಎಂದೂ ನಾನು ಹೇಳುತ್ತಿಲ್ಲ. ಖರೆ ಹೇಳಬೇಕೆಂದರೆ ಅದೇ ಎಲ್ಲಕ್ಕಿಂತ ಯೋಗ್ಯವಾದದ್ದು. ರಾಜರ, ಗುಡಿಗಳ, ಮಂತ್ರಿಗಳ ಹಾರ-ತುರಾಯಿಯ ಫೋಟೊ ಸಾಕಷ್ಟು ಆಗ್ಯಾವ. ರೊಟ್ಟಿ ಬಡಿಯುವ ಕೈ, ನಳದ ಮುಂದೆ ಸಾಲಿಗಿಟ್ಟ ಕೊಡ, ಸಾಲಿಗೆ ಹೊರಟ ಹುಡುಗಿಯ ಎರಡು ಜಡೆ, ಇವು ನಮ್ಮ ಚರಿತ್ರೆ. ಚಿತ್ರ ಚೆಂದ ಐತೋ ಇಲ್ಲೋ ಎಂಬುದು ಎರಡನೆಯ ಮಾತು. ಮೊದಲನೆಯ ಮಾತು: ತೆಗೆದವನು ಎಲ್ಲಿ ನಿಂತಿದ್ದ? ಯಾರ ಹೊಸ್ತಿಲ ಮೇಲೆ? ಯಾರ ಮನೆಯ ಚಹಾ ಕುಡಿದು?

ಊರಿನ ಬೀದಿ ಬೆಕ್ಕನ್ನು ಒಂದು ದಿನ ಪೂರ್ತಿ ನೋಡಿರಿ. ಅದಕ್ಕೆ ಸ್ವಂತ ಮನೆ ಇಲ್ಲ, ಅದಕ್ಕೇ ಎಲ್ಲ ಮನೆಗಳೂ ಅದರವೇ. ಗೌಡರ ಅಟ್ಟದ ಮೇಲೆ ಮರಿ ಹಾಕುತ್ತದೆ. ಮಡಿಯವರ ಅಡಿಗಿಮನಿಯೊಳಗೆ ನೆಲುವಿಗೆ ಜಿಗಿಯುತ್ತದೆ. ಮಧ್ಯಾಹ್ನಕ್ಕೆ ಕೇರಿಗೆ ಬಂದು ಒಲೆಯ ಮುಂದೆ ಮುದುಡಿಕೊಂಡು ಮಲಗುತ್ತದೆ. ಕೇರಿಯಲ್ಲಿ ಎಲುಬು ಕಡಿದ ಬಾಯಿಂದಲೇ ಸಂಜೆ ಅಲ್ಲಿ ಹಾಲು ಕುಡಿಯುತ್ತದೆ. ಹಾಲು ಕುಡಿದದ್ದಕ್ಕೆ ಬಡಿಗೆ ಎತ್ತುತ್ತಾರೆ, ನಿಜ. ಆದರೆ ಮೈಲಿಗೆ ಆಯಿತೆಂದು ಅದರ ಹಿಂದೆ ನೀರು ಚಿಮುಕಿಸುವವರನ್ನು ನಾನು ಕಂಡಿಲ್ಲ.

ಇದು ಹೊಸ ಮಾತಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋದದ್ದು, ದನಕರುಗಳಿಗೆ ಮುಕ್ತವಾಗಿದ್ದ ನೀರು ಮನುಷ್ಯರಿಗೆ ಮುಚ್ಚಿತ್ತು ಎಂಬುದಕ್ಕೆ. 1931ರ ಆಗಸ್ಟಿನಲ್ಲಿ ಮುಂಬೈಯ ಮಣಿ ಭವನದಲ್ಲಿ ಗಾಂಧೀಜಿಯವರನ್ನು ಭೇಟಿಯಾದಾಗ ಅವರು ಹೇಳಿದ ಮಾತಿನಲ್ಲೂ ನಾಯಿ-ಬೆಕ್ಕುಗಳಿದ್ದವು: ಅವುಗಳಿಗಿಂತ ಕಡೆಯಾಗಿ ನಮ್ಮನ್ನು ಕಾಣುವ ನೆಲವನ್ನು ತಾಯ್ನಾಡು ಎಂದು ಹೇಗೆ ಕರೆಯಲಿ ಎಂಬುದು ಅದರ ತಾತ್ಪರ್ಯ. ಹೊಸ್ತಿಲ ಮೇಲೆ ಬಿಸಿಲು ಕಾಯಿಸುವ ಬೆಕ್ಕಿನ ಫೋಟೊ ನೋಡಿದಾಗ ನಮ್ಮವರಿಗೆ ಈ ಮಾತು ನೆನಪಾಗುತ್ತದೆ. ಉಳಿದವರಿಗೆ ನೆನಪಾಗುವುದಿಲ್ಲ. ಒಂದೇ ಚಿತ್ರ, ಎರಡು ಓದು.

ಫೋಟೊ ತೆಗೆಯುವವನು ಬೆಕ್ಕಿನ ಬೆನ್ನು ಹತ್ತುತ್ತಾನೆ. ಗೋಡೆ ಹತ್ತಿದರೆ ಗೋಡೆ, ಬಣವಿ ಏರಿದರೆ ಬಣವಿ. ಬೆಕ್ಕು ಕೇರಿಯ ಕಡೆ ತಿರುಗಿತೆಂದರೆ ಕ್ಯಾಮರಾ ವಾಪಸ್. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇನು ಎಂದು ಗಾದೆ. ಇಲ್ಲಿ ಕಣ್ಣು ಮುಚ್ಚಿದ್ದು ಬೆಕ್ಕಲ್ಲ, ಕ್ಯಾಮರಾ ಹಿಡಿದವನು.

ಈ ಚಾಳಿ ಮೊಬೈಲಿನೊಂದಿಗೆ ಬಂದದ್ದಲ್ಲ. ನಮ್ಮ ಸೀಮೆಗೆ ಕ್ಯಾಮರಾ ಬಂದದ್ದೇ ಗುಡಿಗಳಿಗಾಗಿ. 1850ರ ದಶಕದಲ್ಲಿ ಕಂಪನಿ ಸರಕಾರದ ವೈದ್ಯ ಪಿಗೂ ಮತ್ತು ಸೈನ್ಯಾಧಿಕಾರಿ ಬಿಗ್ಸ್ ಈ ಭಾಗ ಸುತ್ತಿದರು. ಲಕ್ಕುಂಡಿ, ಡಂಬಳ, ಹಾವೇರಿಗಳ ಗುಡಿಗಳ ಫೋಟೊ ತೆಗೆದರು. ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಚರಿತ್ರೆಯ ಭಾಗ ಮೆಡೋಸ್ ಟೇಲರ್ ಬರೆದ, ವಾಸ್ತುವಿನ ಟಿಪ್ಪಣಿ ಫರ್ಗುಸನ್ ಬರೆದ. ಆ ಕಾಲದ ಗುಡಿ ಚಿತ್ರಗಳಲ್ಲಿ ಅಲ್ಲಲ್ಲಿ ಒಬ್ಬ ಮನುಷ್ಯ ಕಂಬದ ಪಕ್ಕ ನಿಂತಿರುತ್ತಾನೆ. ಅವನ ಹೆಸರು ಬೇಕಾಗಿರಲಿಲ್ಲ. ಕಂಬ ಎಷ್ಟು ಎತ್ತರ ಎಂದು ತಿಳಿಯಲು ಅವನು ಅಳತೆಗೋಲು. ಮುಂದೆ 1868ರಿಂದ 1875ರವರೆಗೆ ಭಾರತದ ಜನರ ಮೇಲೆ ಎಂಟು ಸಂಪುಟ ಬಂದವು. ಅವುಗಳಲ್ಲಿ ಮನುಷ್ಯನನ್ನು ಜಾತಿಯ ಮಾದರಿಯಾಗಿ ನಿಲ್ಲಿಸಿದರು, ಚಿಟ್ಟೆಗೆ ಸೂಜಿ ಚುಚ್ಚಿ ಚೀಟಿ ಅಂಟಿಸಿದ ಹಾಗೆ. ಒಮ್ಮೆ ಅಳತೆಗೋಲು, ಇನ್ನೊಮ್ಮೆ ಮಾದರಿ. ಮನುಷ್ಯ ಮಾತ್ರ ಆಗಲಿಲ್ಲ.

ಇದನ್ನು ಮುರಿದವರು ಇಲ್ಲವೆಂದಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಕ್ಯಾಮರಾವನ್ನು ಬೀದಿಗೆ ತಂದರು. ಹೆಸರಿಲ್ಲದ ಸಾದಾ ಜನರನ್ನು, ಮಕ್ಕಳನ್ನು ಕಪ್ಪು-ಬಿಳುಪಿನಲ್ಲಿ ಗೌರವದಿಂದ ಕಂಡರು. 1979ರ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಸಾದಾ ಬದುಕನ್ನು ನೋಡುವುದು ಹೇಗೆಂದು ಕನ್ನಡದವರು ಅವರಿಂದ ಕಲಿಯಬೇಕು. ಆದರೆ ಅವರ ಹಿಂದೆ ಬಂದ ನೂರಾರು ಜನ ಕಲಿತದ್ದು ಬೆಳಕನ್ನು ಮಾತ್ರ, ಆ ಗೌರವವನ್ನಲ್ಲ. ಬಡತನ ಅವರಿಗೆ ಒಂದು ಬಣ್ಣ, ಸುಕ್ಕು ಒಂದು ವಿನ್ಯಾಸ. ಆ ಸುಕ್ಕು ಯಾವ ಹೊಲದೊಳಗೆ, ಎಷ್ಟು ಕೂಲಿಗೆ ಬಂತು ಎಂದು ಚಿತ್ರ ಕೇಳುವುದಿಲ್ಲ.

ಹಳ್ಳಿಯ ಬೀದಿ ಬೆಕ್ಕಿನ ಫೋಟೊ ಎಲ್ಲ ದೇಶಗಳಲ್ಲೂ ತೆಗೆಯುತ್ತಾರೆ. ಬಲ್ಗೇರಿಯಾದ ಮಾತು ತೆಗೆದುಕೊಳ್ಳಿರಿ. 1980ರ ದಶಕದಲ್ಲಿ 90 ಲಕ್ಷದ ಹತ್ತಿರವಿದ್ದ ಆ ದೇಶದ ಜನಸಂಖ್ಯೆ 2021ರ ಜನಗಣತಿಗೆ 65 ಲಕ್ಷದ ಆಸುಪಾಸಿಗೆ ಇಳಿಯಿತು. ದುಡಿಯುವ ವಯಸ್ಸಿನವರು ಪಟ್ಟಣಕ್ಕೆ, ಪರದೇಶಕ್ಕೆ ಹೋದರು. ಎಷ್ಟೋ ಹಳ್ಳಿಗಳಲ್ಲಿ ಉಳಿದವರು ಹೆಚ್ಚಾಗಿ ಮುದುಕರು. ಅಲ್ಲಿಯ ಖಾಲಿ ಓಣಿಯಲ್ಲಿ ಕೂತ ಬೆಕ್ಕು, ಜನ ಬಿಟ್ಟುಹೋದರು ಎಂದು ಸಾಕ್ಷಿ ಹೇಳುತ್ತದೆ. ನಮ್ಮ ಫೋಟೊಗಳ ಖಾಲಿ ಓಣಿಯಲ್ಲಿ ಕೂತ ಬೆಕ್ಕಿನ ಸಾಕ್ಷಿಯೇ ಬೇರೆ: ಜನ ಇದ್ದಾರೆ, ಚೌಕಟ್ಟಿನ ಹೊರಗಿದ್ದಾರೆ. ಬಲ್ಗೇರಿಯಾದಲ್ಲೂ ರೋಮಾ ಜನರ ವಸತಿ ಎಷ್ಟೋ ಕಡೆ ಊರಿನ ಅಂಚಿಗೆ ಇದೆ. ಅಲ್ಲಿಗೆ ಕ್ಯಾಮರಾ ಹೋಯಿತೇ ಎಂಬ ಪ್ರಶ್ನೆಯನ್ನು ಅಲ್ಲಿಯ ಗೆಳೆಯರೂ ಕೇಳಬೇಕು.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರನ್ನು ನೇರವಾಗಿ ಎದುರಿಸಿದರು. ಹಳ್ಳಿ ಎಂಬುದು ಸಂಕುಚಿತತನದ, ಅಜ್ಞಾನದ, ಜಾತೀಯತೆಯ ಠಾವು ಎಂಬ ಅರ್ಥದ ಮಾತಾಡಿದರು. 'ಸರಳ ಬದುಕು' ಎಂದು ಅಡಿಬರಹ ಬರೆಯುವವರು ಆ ಮಾತಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಇಳಿಬಿಸಿಲು ಉತ್ತರವಲ್ಲ.

ಹಾಗಾದರೆ ನಮ್ಮವರ ಫೋಟೊಗಳೇ ಇಲ್ಲವೇ? ಇವೆ. ಒಂದು, ಸರಕಾರ ತೆಗೆದದ್ದು. ನಮ್ಮವ್ವನ ಒಂಟಿ ಫೋಟೊ ಮನೆಯಲ್ಲಿರುವುದು ಒಂದೇ, ಓಟಿನ ಕಾರ್ಡಿನದು. ಅದರಲ್ಲಿ ಆಕೆ ಯಾರೋ ಬೈದವರ ಹಾಗೆ ನಿಂತಿದ್ದಾಳೆ. ಎರಡನೆಯದು, ಪತ್ರಿಕೆಗಳು ತೆಗೆದದ್ದು. ಅದು ಬರಬೇಕಾದರೆ ಏನಾದರೂ ಘೋರ ಆಗಬೇಕು.

ಸವಣೂರನ್ನು ನೆನೆಸಿಕೊಳ್ಳಿರಿ. 1997ರವರೆಗೆ ಅದು ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು, ಈಗ ಹಾವೇರಿಯದು. 2010ರ ಜುಲೈ 20ರಂದು ಅಲ್ಲಿಯ ಭಂಗಿ ಸಮುದಾಯದವರು, ದಶಕಗಳಿಂದ ಬಾಳಿದ ಜಾಗದಿಂದ ತಮ್ಮನ್ನು ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಆ ಚಿತ್ರ ನಾಡಿನ ತುಂಬ ಹೋಯಿತು. ಮಲ ಹೊರಿಸುವುದನ್ನು ನಿಷೇಧಿಸುವ ಕಾನೂನು 1993ರಲ್ಲೇ ಬಂದಿತ್ತು. 2013ರಲ್ಲಿ ಇನ್ನೊಂದು ಬಂತು. ಆ ಫೋಟೊ ತೆಗೆದದ್ದು ಸರಿ, ತೆಗೆಯಲೇಬೇಕಿತ್ತು. ನನ್ನ ಪ್ರಶ್ನೆ ಬೇರೆ. ಜುಲೈ 19ರಂದು ಅದೇ ಮನೆಗಳಲ್ಲಿ ಒಲೆ ಹೊತ್ತಿರಬೇಕು, ಯಾವುದೋ ಕೂಸು ಬೆಕ್ಕಿನ ಬಾಲ ಹಿಡಿದು ಎಳೆದಿರಬೇಕು, ಯಾವಳೋ ತಾಯಿ ಮಗಳ ತಲೆಗೆ ಎಣ್ಣೆ ಹಚ್ಚಿರಬೇಕು. ಆ ದಿನದ ಫೋಟೊ ಎಲ್ಲಿ? ಮೈಮೇಲೆ ಮಲ ಸುರಿದುಕೊಳ್ಳುವತನಕ ಅವರು ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ? ಮಲ ಹೊತ್ತವರಿಗೂ ಒಂದು ಸಾದಾ ಮಂಗಳವಾರ ಇರುತ್ತದೆ ಎಂದು ನಾಡಿಗೆ ಗೊತ್ತಿದ್ದರೆ, ಆ ಮನೆಗಳ ಮುಂದೆ ನೋಟೀಸು ಹಿಡಿದು ನಿಲ್ಲುವ ಧೈರ್ಯ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲೂ ಇದೇ. ನಸುಕಿನಲ್ಲಿ ಎದ್ದು ಉಣಕಲ್ ಕೆರೆಯ ಮಂಜಿನ ಫೋಟೊ ತೆಗೆಯುತ್ತಾರೆ. ಅದೇ ನಸುಕಿನಲ್ಲಿ ಪೌರಕಾರ್ಮಿಕ ಹೆಣ್ಣುಮಕ್ಕಳು ಬೀದಿ ಗುಡಿಸುತ್ತಿರುತ್ತಾರೆ, ಅವರ ಕಸಬರಿಗೆಯ ಧೂಳೂ ಬೆಳಕಿನಲ್ಲಿ ಮಂಜಿನ ಹಾಗೇ ಏಳುತ್ತದೆ. ಅದು ಯಾರ ಕಣ್ಣಿಗೂ ಕಾಣುವುದಿಲ್ಲ.

ಈಗ ನಮ್ಮವರಿಗೂ ಒಂದು ಮಾತು. ಗೆಳೆಯರು ಸಿಟ್ಟಾಗಬಾರದು. ನಮ್ಮ ಚಳವಳಿಯ ಪತ್ರಿಕೆಗಳ ಮುಖಪುಟಗಳನ್ನು ತೆಗೆದು ನೋಡಿರಿ. ಎತ್ತಿದ ಮುಷ್ಟಿ, ಹರಿದ ಸರಪಳಿ, ಉರಿಯುವ ಗುಡಿಸಲು. ನಾವೂ ನಮ್ಮ ಜನರನ್ನು ಎರಡೇ ಭಂಗಿಯಲ್ಲಿ ನಿಲ್ಲಿಸಿದ್ದೇವೆ: ಬಿದ್ದವರು, ಇಲ್ಲವೇ ಎದ್ದವರು. ಕೂತವರು, ನಕ್ಕವರು, ಬೆಕ್ಕಿಗೆ ರೊಟ್ಟಿಚೂರು ಹಾಕಿದವರು ಇಲ್ಲ. ಮೇಲಿನವರು ನಮ್ಮ ದಿನದ ಬದುಕನ್ನು ಕಾಣದೆ ಬಿಟ್ಟರು. ನಾವು ಅದು ಹೋರಾಟವಲ್ಲ ಎಂದು ಬಿಟ್ಟೆವು. ನಷ್ಟ ಒಂದೇ.

ಅಮೆರಿಕದ ಎರಡು ಚಿತ್ರ ಹೋಲಿಸಿ ನೋಡೋಣ. 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೊರೊಥಿಯಾ ಲ್ಯಾಂಗ್ ಎಂಬಾಕೆ ಹೊಲಗೂಲಿಯ ತಾಯಿಯೊಬ್ಬಳ ಫೋಟೊ ತೆಗೆದಳು. 'ವಲಸೆ ತಾಯಿ' ಎಂದು ಅದು ಜಗತ್ತಿಗೆ ಹೆಸರಾಯಿತು. ಆ ತಾಯಿ ಚೆರೋಕಿ ಮೂಲನಿವಾಸಿ, ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ಗೊತ್ತಾದದ್ದು 1978ರಲ್ಲಿ, 42 ವರ್ಷದ ಮೇಲೆ. ಫೋಟೊದಿಂದ ತನಗೇನೂ ಸಿಗಲಿಲ್ಲ ಎಂದು ಆಕೆ ನೊಂದು ಹೇಳಿದಳು. ಚಿತ್ರ ದೊಡ್ಡದು, ಲೆಕ್ಕ ಮಾತ್ರ ಬಾಕಿ ಉಳಿಯಿತು.

ಇನ್ನೊಂದು 1942ರದು. ಗಾರ್ಡನ್ ಪಾರ್ಕ್ಸ್ ಕರಿಯ, ಹಳೆ ಕ್ಯಾಮರಾ ಕೊಂಡು ತಾನೇ ಕಲಿತವನು. ವಾಷಿಂಗ್ಟನ್ನಿನ ಸರಕಾರಿ ಕಚೇರಿಯಲ್ಲಿ ನೆಲ ಒರೆಸುವ ಎಲ್ಲಾ ವ್ಯಾಟ್ಸನ್ ಎಂಬ ಕರಿಯ ಹೆಂಗಸನ್ನು ದೇಶದ ಬಾವುಟದ ಮುಂದೆ ಕಸಬರಿಗೆ ಹಿಡಿದು ನಿಲ್ಲಿಸಿ ತೆಗೆದ. ಅದು ನಮ್ಮ ಮುಖಪುಟದಂಥ ಚಿತ್ರವೇ. ಆದರೆ ಆತ ಅಷ್ಟಕ್ಕೆ ನಿಲ್ಲಲಿಲ್ಲ. ಆಕೆಯ ಮನೆಗೆ ಹೋದ, ಮೊಮ್ಮಕ್ಕಳನ್ನು ಕಂಡ, ಆಕೆಯ ಚರ್ಚಿಗೂ ಹೋದ. ಬಾವುಟದ ಮುಂದಿನ ಸಿಟ್ಟು ಯಾವ ಬದುಕಿನದು ಎಂದು ಆ ಮುಂದಿನ ಚಿತ್ರಗಳು ಹೇಳುತ್ತವೆ. ನಮ್ಮ ಮಗ್ಗುಲ ಮಹಾರಾಷ್ಟ್ರದಲ್ಲಿ ಸುಧಾರಕ ಓಲ್ವೆ ಮುಂಬೈ ಪಾಲಿಕೆಯ ಸಫಾಯಿ ಕಾರ್ಮಿಕರ ಜೊತೆ ಇಂಥದೇ ಹಾದಿ ಹಿಡಿದರು. ದಾರಿ ಇಲ್ಲವೆಂದು ಹೇಳುವ ಹಾಗಿಲ್ಲ.

ಇವತ್ತು ಕೇರಿಯ ಹುಡುಗರ ಕೈಯಲ್ಲೂ ಕ್ಯಾಮರಾ ಇದೆ. ಇದು ಸಣ್ಣ ಸಂಗತಿಯಲ್ಲ. ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂದು, ಆ ಪ್ರಕರಣಗಳ ವಿಚಾರಣೆಯನ್ನು ವಿಡಿಯೊ ಮಾಡಬೇಕೆಂದು ಹೇಳುತ್ತದೆ. ಕ್ಯಾಮರಾ ಸಾಕ್ಷಿ ಎಂದು ಕಾನೂನೇ ಒಪ್ಪಿದೆ. ಆದರೆ ಆ ಹುಡುಗರೂ ಊರಿನ ಕಡೆ ತಿರುಗಿ ಅದೇ ಪಡಸಾಲೆ, ಅದೇ ಇಳಿಬಿಸಿಲು ತೆಗೆದರೆ ಏನು ಬಂತು?

ಅದಕ್ಕೇ ಹಳ್ಳಿಯ ಮಾಸ್ತರರಿಗೆ, ಅಕ್ಕೋರಿಗೆ ನನ್ನ ವಿನಂತಿ. ಮಕ್ಕಳಿಗೆ ಒಂದು ಕೆಲಸ ಕೊಡ್ರಿ: ಬೆಕ್ಕಿನ ಬೆನ್ನು ಹತ್ತಿ ಕಡೀತನಕ ಹೋಗಿ ಬರ್ರಿ ಅಂತ. ಅದು ದಾಟಿದ ಹೊಸ್ತಿಲುಗಳನ್ನು ಬರೆದುಕೊಳ್ಳಲಿ. ಅದರಲ್ಲಿ ಯಾವ ಹೊಸ್ತಿಲು ಯಾರಿಗೆ ದಾಟಲು ಬರುವುದಿಲ್ಲ ಎಂದು ಪಕ್ಕಕ್ಕೆ ಬರೆಯಲಿ. ನಳ, ಚಹಾದಂಗಡಿಯ ಕಪ್ಪು, ಗುಡಿಯ ಕಟ್ಟೆ, ಸುಡುಗಾಡಿನ ದಾರಿ ಎಲ್ಲ ಅದರೊಳಗೆ ತಾನಾಗಿ ಬರುತ್ತವೆ. ಮನೆಯವರನ್ನು ಕೇಳದೆ ಫೋಟೊ ತೆಗೆಯಬಾರದು. ಹೆಂಗ ನಿಲ್ಲಬೇಕಂತೀರಿ ಎಂದು ಅವರನ್ನೇ ಕೇಳಬೇಕು. ಒಂದು ಪ್ರತಿ ಅವರ ಮನೆಯ ಗೋಡೆಗೆ ಮುಟ್ಟಬೇಕು.

ಈ ಪತ್ರಿಕೆಯ ಗೆಳೆಯರಿಗೂ ಅದೇ ಮಾತು. ಮುಂದಿನ ಸಂಚಿಕೆಯ ಮುಖಪುಟಕ್ಕೆ ಮುಷ್ಟಿ ಬೇಡ. ಕೇರಿಯ ಒಂದು ಮನೆಯ ಮುಂಜಾನೆ ಇರಲಿ: ಒಲೆ, ರೊಟ್ಟಿ, ಬೇಕಾದರೆ ಬೆಕ್ಕು. ಆ ಮನೆಯಾಕೆ ಒಪ್ಪಿದರೆ ಕೆಳಗೆ ಆಕೆಯ ಹೆಸರು ದೊಡ್ಡ ಅಕ್ಷರದಲ್ಲಿರಲಿ, ತೆಗೆದವರ ಹೆಸರು ಸಣ್ಣದರಲ್ಲಿ.