ಕೈಬಿಟ್ಟರೂ ಅಳಿಸದ ಆಜ್ಞೆ: ನೈಟ್ ಕ್ಯಾಪಿಟಲ್ ಪ್ರಕರಣದ ದಾಖಲೆಯ ವಿಮರ್ಶೆ

ಅಮೆರಿಕದ ಷೇರು ವ್ಯವಹಾರ ಸಂಸ್ಥೆಯಾಗಿದ್ದ ನೈಟ್ ಕ್ಯಾಪಿಟಲ್ 2012ರ ಆಗಸ್ಟ್ 1ರಂದು ಸುಮಾರು 45 ನಿಮಿಷಗಳಲ್ಲಿ 46 ಕೋಟಿ ಡಾಲರಿಗೂ ಮಿಕ್ಕ ನಷ್ಟಕ್ಕೆ ಗುರಿಯಾಯಿತು. ಈ ಪ್ರಕರಣಕ್ಕೆ ಮುಖ್ಯ ಆಧಾರ, ಅಲ್ಲಿನ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ 2013ರ ಅಕ್ಟೋಬರ್ 16ರಂದು ಹೊರಡಿಸಿದ ಆಜ್ಞಾಪತ್ರ. ಅದರಿಂದ ಸಾಮಾನ್ಯವಾಗಿ ಎತ್ತಿ ಹೇಳುವ ಸಂಗತಿ ಇಷ್ಟು: ಎಂಟು ಸರ್ವರುಗಳ ಪೈಕಿ ಒಂದಕ್ಕೆ ತಂತ್ರಜ್ಞನೊಬ್ಬನು ಹೊಸ ಕೋಡನ್ನು ಹಾಕದೆ ಬಿಟ್ಟನು. ಇದು ದಿಟವೇ, ಆದರೆ ಕಾರಣಪರಂಪರೆಯಲ್ಲಿ ಇದು ಕಟ್ಟಕಡೆಯ ಕೊಂಡಿ.

ಆಜ್ಞಾಪತ್ರವನ್ನೇ ಕಾಲಾನುಕ್ರಮದಲ್ಲಿ ಓದಿದರೆ ಬೇರೊಂದು ಚಿತ್ರ ಮೂಡುತ್ತದೆ. 'ಪವರ್ ಪೆಗ್' ಎಂಬ ವಿಧಾನದ ಬಳಕೆ 2003ರಲ್ಲಿಯೇ ನಿಂತಿತು. ಕೋಡು ಮಾತ್ರ ಉಳಿಯಿತು. ಬೇಡಿಕೆ ಎಷ್ಟು ಪೂರೈಸಿತೆಂದು ಲೆಕ್ಕವಿಡುವ ಭಾಗವನ್ನು 2005ರಲ್ಲಿ ಸ್ಥಳಾಂತರಿಸಿದರು. ಆಮೇಲೆ ಹಳೆಯ ವಿಧಾನವನ್ನು ಪರೀಕ್ಷಿಸಲಿಲ್ಲ. ಬಳಸದ ವಸ್ತುವನ್ನು ಯಾರು ಪರೀಕ್ಷಿಸುತ್ತಾರೆ? ಹೀಗೆ 'ಇನ್ನು ಸಾಕು' ಎಂದು ತಿಳಿಯುವ ಶಕ್ತಿಯೇ ಅದಕ್ಕೆ ಇಲ್ಲವಾಯಿತು. 2012ರಲ್ಲಿ ಹೊಸ ವಿಧಾನವೊಂದನ್ನು ಸೇರಿಸುವಾಗ, ಹಿಂದೆ ಪವರ್ ಪೆಗ್ಗನ್ನು ಚಾಲನೆಗೊಳಿಸುತ್ತಿದ್ದ ಫ್ಲ್ಯಾಗನ್ನೇ, ಎಂದರೆ ಯಂತ್ರಕ್ಕೆ ಅಪ್ಪಣೆ ಕೊಡುವ ಗುರುತನ್ನೇ, ಹೊಸದಕ್ಕೂ ಇಟ್ಟುಕೊಂಡರು. ಒಂದೇ ಶಬ್ದವು ಎರಡು ಕಾಲಗಳಲ್ಲಿ ಎರಡು ಅರ್ಥ ಕೊಡುವುದು ಶಾಸನಗಳನ್ನು ಓದುವವರಿಗೆ ಹೊಸತಲ್ಲ. ಆದರೆ ಇಲ್ಲಿ ಎರಡು ಅರ್ಥಗಳೂ ಒಂದೇ ಬೆಳಗಿನಲ್ಲಿ ಜೀವಂತವಾಗಿದ್ದುವು. ಏಳು ಸರ್ವರುಗಳು ಹೊಸ ಅರ್ಥವನ್ನು ತಿಳಿದುವು, ಎಂಟನೆಯದು ಹಳೆಯದನ್ನು. 212 ಬೇಡಿಕೆಗಳು 40 ಲಕ್ಷಕ್ಕೂ ಹೆಚ್ಚು ವ್ಯವಹಾರಗಳಾಗಿ ಹಬ್ಬಿದುವು.

ಬಳಕೆ ತಪ್ಪಿದ ಕೋಡು ಚಾಲನೆಗೊಳ್ಳದಂತೆ ತಡೆಯುವ ವ್ಯವಸ್ಥೆ ಇರಲಿಲ್ಲವೆಂದು ಕಮಿಷನ್ ಹೇಳಿಯೇ ಇದೆ. ಆದರೆ ಎರಡನೆಯವನೊಬ್ಬನು ಸರ್ವರುಗಳನ್ನು ನೋಡಿದ್ದರೆ ದೋಷ ಕಾಣುತ್ತಿತ್ತೆಂಬ ವಾದವೂ ಅಲ್ಲಿದೆ. ಓದುಗರ ಮನಸ್ಸಿನಲ್ಲಿ ನಿಂತಿರುವುದು ಅದೇ. ಈ ವಾದ ಸಾಲದೆಂಬುದಕ್ಕೆ ಅದೇ ಪತ್ರದಲ್ಲಿ ಸಾಕ್ಷಿಯುಂಟು. ಗಾಬರಿಗೊಂಡ ಸಿಬ್ಬಂದಿ, ಸರಿಯಾಗಿದ್ದ ಏಳು ಸರ್ವರುಗಳಿಂದ ಹೊಸ ಕೋಡನ್ನು ತೆಗೆದುಹಾಕಿದರು. ಒಡನೆ ಅವುಗಳಲ್ಲಿಯೂ ಪವರ್ ಪೆಗ್ ಎಚ್ಚತ್ತು ಅನಾಹುತ ಇಮ್ಮಡಿಸಿತು. ಹಳೆಯದನ್ನು ಅಳಿಸುವುದನ್ನೂ ಹೊಸದನ್ನು ಸೇರಿಸುವುದನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ, ಹೊಸದನ್ನು ಹಿಂತೆಗೆದೊಡನೆ ಹಳೆಯದು ಮರಳಿತು. ಸರ್ವರುಗಳನ್ನು ಹತ್ತು ಮಂದಿ ನೋಡಿದ್ದರೂ ಈ ಗಂಟು ಬಿಚ್ಚುತ್ತಿರಲಿಲ್ಲ.

ಹಳೆಯ ಕೋಡನ್ನು ಮೊದಲು ಪ್ರತ್ಯೇಕವಾಗಿ ತೆಗೆದು, ಎಂಟು ಸರ್ವರುಗಳಲ್ಲಿಯೂ ಅದಿಲ್ಲವೆಂದು ಖಚಿತಪಡಿಸಿಕೊಂಡು, ಹೊಸ ವಿಧಾನಕ್ಕೆ ಹೊಸ ಗುರುತನ್ನೇ ಕೊಟ್ಟಿದ್ದರೆ, ಎಂಟನೆಯ ಸರ್ವರು ಅದನ್ನು ಗುರುತಿಸಲಾರದೆ ಸುಮ್ಮನಿರುತ್ತಿತ್ತು. ಹೆಚ್ಚೆಂದರೆ ಕೆಲವು ಬೇಡಿಕೆಗಳು ಈಡೇರದೆ ಉಳಿಯುತ್ತಿದ್ದುವು.