ಶಂ. ಬಾ. ಜೋಶಿಯವರ ಸಂಶೋಧನಕ್ರಮ

ಧಾರವಾಡದಲ್ಲಿ ಅಧ್ಯಾಪಕರಾಗಿದ್ದ ಶಂ. ಬಾ. ಜೋಶಿಯವರ (1896–1991) ‘ಕರ್ಣಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವು ದೊರೆಯಿತು. ಪಂಡಿತರು ತಾಮ್ರಪಟಗಳಲ್ಲಿ ಅರಸರ ವಂಶಾವಳಿಯನ್ನೇ ಅರಸುತ್ತಿದ್ದ ಕಾಲದಲ್ಲಿ, ಜನಜೀವನದ ಮೂಲವನ್ನರಿಯಲು ಊರ ಹೆಸರು, ಗ್ರಾಮದೈವ, ಆಡುನುಡಿಗಳನ್ನು ಸಾಕ್ಷಿಗೆ ಕರೆದುದು ಅವರ ಹಿರಿಮೆ. ಇದು ಸಣ್ಣ ಸಾಹಸವಲ್ಲ.

ಆದರೆ ಶಬ್ದಸಾಮ್ಯವೊಂದರಿಂದಲೇ ಜನಾಂಗದ ಮೂಲವನ್ನು ನಿಶ್ಚಯಿಸುವೆಡೆಗಳಲ್ಲಿ ಅವರ ಹೇತುವು, ತಾರ್ಕಿಕರು ಹೇಳುವ ವ್ಯಭಿಚಾರದೋಷಕ್ಕೆ ಗುರಿಯಾಗುತ್ತದೆ. ‘ಹುಬ್ಬಳ್ಳಿ’ಯೆಂದರೆ ಹೂವಿನ ಬಳ್ಳಿಯೆಂಬ ನಿರ್ವಚನವನ್ನೇ ನೋಡಿರಿ. ಕಿವಿಗೇನೋ ಇಂಪು! ಆದರೂ ಕನ್ನಡದ ಮೊದಲಕ್ಷರದ ಹಕಾರವು ಬಹುಮಟ್ಟಿಗೆ ಹಿಂದೆ ಪಕಾರವಾಗಿತ್ತು, ‘ಹಳ್ಳಿ’ಯು ‘ಪಳ್ಳಿ’ಯಾಗಿತ್ತು. ಶಾಸನದಲ್ಲಿ ಹಳೆಯ ರೂಪವನ್ನು ಕಾಣುವವರೆಗೆ ಇಂತಹ ನಿರ್ವಚನವು ಬರಿಯ ವಿನೋದವೇ.

ವ್ಯಾಕರಣವು ನಿಲುಕದೆಡೆ ಯಾಸ್ಕರೂ ಅರ್ಥವನ್ನೇ ಹಿಡಿದು ನಡೆದರೆಂದು ಜೋಶಿಯವರ ಅಭಿಮಾನಿಗಳು ಹೇಳಬಹುದು. ದಿಟವೇ, ಆದರೆ ಯಾಸ್ಕರ ಮುಂದೆ ಮಂತ್ರದ ಸಂದರ್ಭವಿತ್ತು. ಊರ ಹೆಸರು ಒಂಟಿಯಾಗಿ ನಿಂತಿರುತ್ತದೆ. ಅದಕ್ಕೆ ಸಂದರ್ಭವನ್ನು ಒದಗಿಸತಕ್ಕವು ಕಾಲನಿರ್ದೇಶವುಳ್ಳ ಶಾಸನ ಮತ್ತು ಅಲ್ಲಿಯ ನೆಲದ ಆಚಾರ. ಹಟ್ಟಿಕಾರರನ್ನು ಮಹಾರಾಷ್ಟ್ರದ ಮೂಲದೊಡನೆ ಬೆಸೆವ ಜೋಶಿಯವರ ವಾದವನ್ನು ಕೊಂಡಾಡುವವರೂ ಹಳಿಯುವವರೂ ಹೆಸರು ಹೆಸರನ್ನೂ ಈ ಎರಡರೊಡನೆ ಒರೆಗೆ ಹಚ್ಚಬೇಕಾಗಿದೆ.